ಎಪ್ಪತ್ತೆರಡು ಹುಳಗಳ ಡಬ್ಬಿ

ಬೇಸ್‌ಮೆಂಟಿನ ಕಿಟಕಿ ಜನವರಿಯ ಎರಡನೇ ವಾರದಲ್ಲಿ ಮುಚ್ಚಿಹೋಯಿತು. ದೊಡ್ಡ ಕಿಟಕಿಯೇನಲ್ಲ, ಸೂರಿಗೆ ಅಂಟಿಕೊಂಡ ಹಾಗೆ ಒಂದು ಗೇಣು ಎತ್ತರ, ಎರಡು ಮೊಳ ಉದ್ದ. ಬೇಸಿಗೆಯಲ್ಲಿ ಅದರಲ್ಲಿ ಹುಲ್ಲಿನ ಬುಡ ಕಾಣುತ್ತಿತ್ತು, ಕೆಲವೊಮ್ಮೆ ಓಡುವ ಅಳಿಲಿನ ಕಾಲು. ಈಗ ಗಾಜಿನಾಚೆ ಬರೀ ಹಿಮ, ಹತ್ತಿ ತುರುಕಿದ ಹಾಗೆ.

ಸೌಜನ್ಯಳಿಗೆ ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಅವಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೊರಡುವಾಗಲೂ ಕತ್ತಲೆ, ಸಂಜೆ ಐದೂವರೆಗೆ ಬಸ್ಸಿಳಿದು ಬರುವಾಗಲೂ ಕತ್ತಲೆ. ನಡುವೆ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ. ಅಲ್ಲಿ ಹಗಲು ಕಾಣುತ್ತಿದ್ದುದು ಸಾಮಾನು ಏರಿಸುವ ಡಾಕಿನ ಬಾಗಿಲು ಮೇಲೇರಿದಾಗ ಮಾತ್ರ, ಅದೂ ಟ್ರಕ್ಕು ಹಿಂದಕ್ಕೆ ಬಂದು ಆ ಜಾಗವನ್ನು ಮುಚ್ಚುವವರೆಗೆ. ಬೆಳಕಿನ ಜೊತೆ ಚಳಿಯೂ ಒಳಗೆ ಬರುತ್ತಿತ್ತು. ಬೆಳಕು ಹೋಗುತ್ತಿತ್ತು, ಚಳಿ ಉಳಿಯುತ್ತಿತ್ತು.

ಬ್ರ್ಯಾಂಪ್ಟನ್ನಿನ ಈ ಮನೆಗೆ ಅವಳು ಬಾಡಿಗೆಗೆ ಬಂದು ಎರಡು ವರ್ಷ. ಗಂಡ ಸುಧೀರ ದೊಡ್ಡ ಟ್ರಕ್ಕು ಓಡಿಸುವವನು. ವಿನಿಪೆಗ್ ಕಡೆ ಹೋದರೆ ಹತ್ತು ದಿನಕ್ಕೊಮ್ಮೆ ಬರುವುದು, ಎರಡು ದಿನ ಮಲಗುವುದು, ಮತ್ತೆ ಹೋಗುವುದು. ಮೇಲಿನ ಮನೆಯಲ್ಲಿ ಮಾಲೀಕರು, ಧಾರವಾಡ ಕಡೆಯ ಮಡಿವಾಳಪ್ಪ ಮತ್ತು ಚನ್ನಬಸವ್ವ. ಮೂವತ್ತು ವರ್ಷದ ಹಿಂದೆ ಬಂದವರು. ಮಗಳು ಮಾಧುರಿ ಮಾರ್ಕಮ್‌ನಲ್ಲಿ. ಸೌಜನ್ಯ ಅವರನ್ನು ಮೊದಮೊದಲು ಅಂಕಲ್ ಆಂಟಿ ಎನ್ನುತ್ತಿದ್ದಳು. 'ಅಂಕಲ್ ಅಂದ್ರ ಬಿಲ್ ಕೊಡಾಕ ಬಂದವ್ರಂಗ ಅನಸ್ತೈತಿ, ಕಾಕಾ ಅನ್ನು' ಎಂದು ಮಡಿವಾಳಪ್ಪ ಹೇಳಿದ ಮೇಲೆ ಕಾಕಾ, ಕಾಕು ಆದರು.

ಕಾಕಾನಿಗೆ ಒಂದು ಹುಚ್ಚಿತ್ತು. ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಮೆಷಿನಿನ ಪೋರ್ಚುಗೀಸ ಮುದುಕನೊಬ್ಬ ಹಚ್ಚಿದ್ದು. ಹೊಳೆಯಲ್ಲಿ ಸೊಂಟದವರೆಗೆ ಇಳಿದು, ಹಗುರವಾದ ಉದ್ದ ರಾಡಿನಲ್ಲಿ ಲೈನು ಬೀಸಿ, ಅದರ ತುದಿಗೆ ಕಟ್ಟಿದ ಹುಸಿ ಹುಳವನ್ನು ನೀರಿನ ಮೇಲೆ ಕೂರಿಸುವುದು. ಗಾಳಕ್ಕೆ ಕೋಳಿಗರಿ, ಜಿಂಕೆಕೂದಲು, ದಾರ ಸುತ್ತಿ ಮಾಡಿದ ಹುಳ. ಟ್ರೌಟ್ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಬೇಕು. ಹಾಕಿದರೆ ಎಳೆದು, ಗಾಳ ಬಿಡಿಸಿ, ಮತ್ತೆ ನೀರಿಗೇ ಬಿಡುವುದು. ಕಾಕಾ ಲಿಂಗವಂತರು, ಮೀನು ತಿನ್ನುವವರಲ್ಲ.

ಕಳೆದ ಅಕ್ಟೋಬರಿನಲ್ಲಿ ಅವರು ಹೊಳೆಯಲ್ಲಿ ಜಾರಿಬಿದ್ದು, ಇಪ್ಪತ್ತು ವರ್ಷ ಕಟ್ಟಿ ಕೂಡಿಟ್ಟಿದ್ದ ಹುಳಗಳ ಡಬ್ಬಿ ನೀರು ಪಾಲಾಯಿತು. ಡಿಸೆಂಬರಿನಲ್ಲಿ ಮನೆಯೆದುರಿನ ಮಂಜುಗಡ್ಡೆಯ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿಯಿತು.

'ಹೊಳ್ಯಾಗ ಒಮ್ಮೆ, ಮನಿ ಮುಂದ ಒಮ್ಮೆ' ಎಂದಿದ್ದಳು ಚನ್ನಬಸವ್ವ. 'ಮೂರನೇದು ಎಲ್ಲಿ ಅಂತ ಮೊದಲ ಹೇಳಿಬಿಡ್ರಿ, ಅಲ್ಲೇ ಹಾಸಿಗಿ ಹಾಸಿಡ್ತೀನಿ.'

ಜನವರಿಯ ಒಂದು ಸಂಜೆ ಕಾಕಾ ಎಡಗೈಯಲ್ಲಿ ಒಂದು ಚೀಲ, ಕಂಕುಳಲ್ಲಿ ಒಂದು ಖಾಲಿ ಡಬ್ಬಿ ಹಿಡಿದು ಬೇಸ್‌ಮೆಂಟಿನ ಮೆಟ್ಟಿಲಿಳಿದು ಬಂದರು. ಬಲಗೈ ಪ್ಲಾಸ್ಟರಿನಲ್ಲಿತ್ತು.

'ಒಂದ ಮಾತ ಕೇಳ್ಲೇನವ್ವಾ? ಗ್ಯಾರೇಜಿನಾಗ ಕುಂದ್ರಾಕ ಆಗವಲ್ದು, ಅಂಟು ಹೆಪ್ಪುಗಟ್ಟತೈತಿ. ಮ್ಯಾಲ ಕೋಳಿಪುಚ್ಚ ತಂದ್ರ ನಿಮ್ಮ ಕಾಕು ನನ್ನನ್ನೂ ಪುಚ್ಚನೂ ಕೂಡೇ ಹೊರಗ ಹಾಕ್ತಾಳ. ಲಿಂಗಪೂಜಿ ಮನಿ. ನಿನ್ನ ಟೇಬಲ್ಲಿನ ಒಂದ ಮೂಲಿ ಸಾಕು.'

ಸೌಜನ್ಯ ಟೇಬಲ್ಲಿನ ಮೇಲಿದ್ದ ಅನ್ನದ ಪಾತ್ರೆ ಸರಿಸಿದಳು. ಅವಳ ಒಪ್ಪಿಗೆ ಸಾಮಾನ್ಯವಾಗಿ ಹಾಗೆಯೇ ಇರುತ್ತಿತ್ತು.

ಮೂರು ಸಂಜೆ ಅವಳು ಒಲೆಯ ಪಕ್ಕ ನಿಂತು ನೋಡಿದಳು. ಕಾಕಾ ಟೇಬಲ್ಲಿಗೆ ಬಿಗಿದ ಪುಟ್ಟ ವೈಸಿನ ಇಕ್ಕಳಬಾಯಿಗೆ ಗಾಳ ಸಿಕ್ಕಿಸುತ್ತಿದ್ದರು, ಎಡಗೈಯಲ್ಲಿ ದಾರ ಸುತ್ತುತ್ತಿದ್ದರು, ದಾರ ಜಾರಿ ಗರಿ ನೆಲಕ್ಕೆ ಬೀಳುತ್ತಿತ್ತು. ಹೆಕ್ಕುವುದು, ಸುತ್ತುವುದು, ಬೀಳಿಸುವುದು. ನಾಲ್ಕನೆಯ ಸಂಜೆ ಅವಳಿಗೆ ತಡೆಯಲಾಗಲಿಲ್ಲ.

'ನಾನು ಕಟ್ಟಿ ನೋಡ್ಲಾ?'

ಕಾಕಾ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಅವಳ ಬೆರಳಿಗೆ ಆ ಕೆಲಸ ಹೊಸದಲ್ಲ. ಶಂಕರಪುರದ ಬಳಿಯ ಊರಲ್ಲಿ ಎಂಟು ವರ್ಷದವಳಿದ್ದಾಗಿನಿಂದ ಅವಳು ಮಲ್ಲಿಗೆ ಕಟ್ಟಿದವಳು. ಬಾಳೆನಾರಿನಲ್ಲಿ ಮೊಗ್ಗಿಗೆ ಮೊಗ್ಗು ಜೋಡಿಸಿ, ಹೂವು ಒಯ್ಯುವ ಗಾಡಿ ಬರುವುದರೊಳಗೆ ಮಲ್ಲಿಗೆಯ ಚೆಂಡು ಮುಗಿಸಬೇಕು. ಮಲ್ಲಿಗೆ ಹೆಚ್ಚು ಬಿಡುವ ತಿಂಗಳಲ್ಲಿ ಶಾಲೆಗೆ ದಿನಾ ತಡ. ಒಂಬತ್ತನೆಯ ಕ್ಲಾಸಿನಲ್ಲಿ ಒಂದು ದಿನ ಮಾಸ್ತರು ಬೋರ್ಡಿನ ಮೇಲೆ ಲೆಕ್ಕ ಬರೆಸಿದರು. ಅವಳು ತಪ್ಪು ಬರೆದಳು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಹಿಂದಿನ ಬೆಂಚಿನವರು ನಕ್ಕರು ಅಷ್ಟೇ. ಮರುದಿನ ಅವಳು ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮಲ್ಲಿಗೆ ಕಟ್ಟಲು ಒಂದು ಕೈ ಹೆಚ್ಚಾಯಿತೆಂದು ಮನೆಯಲ್ಲಿ ಯಾರೂ ಯಾಕೆಂದು ಕೇಳಲಿಲ್ಲ.

ಮೊದಲ ಹುಳ ಅರ್ಧ ಗಂಟೆಯಲ್ಲಿ ಮುಗಿಯಿತು. ಕಾಕಾ ಅದನ್ನು ದೀಪಕ್ಕೆ ಹಿಡಿದು ನೋಡಿದರು. ನಂತರ ತಂದಿದ್ದ ಖಾಲಿ ಡಬ್ಬಿ ತೆರೆದು ತೋರಿಸಿದರು. ಆರು ಸಾಲು, ಸಾಲಿಗೆ ಹನ್ನೆರಡು ಗುಳಿ.

'ಏಪ್ರಿಲ್ ತಿಂಗಳ ನಾಲ್ಕನೇ ಶನಿವಾರ ಟ್ರೌಟಿನ ಸೀಸನ್ ಚಾಲು. ಆವತ್ತು ನಾ ಹೊಳಿಗೆ ಹೋಗಲಿಲ್ಲ ಅನ್ನೂ ವರ್ಷ ಇಲ್ಲ. ಈ ಸಲ ಮಾಧುರಿ ಒಬ್ಬಾವ್ರ ಹೋಗಬ್ಯಾಡ ಅಂದಾಳ. ನಾಟ್ ಅಲೋನ್ ಡ್ಯಾಡ್, ನಾಟ್ ಅಲೋನ್, ಅದ ಒಂದ ಹಾಡು. ನೀ ಬರ್ತೀಯೇನು?'

'ಹೊಳೆ ಹರೀತಾ ಇರ್ತದಾ?'

'ಹರೀತೈತೇನು ಅಂದ್ರ? ಏಪ್ರಿಲ್ಲಿನಾಗ ಹಿಮ ಕರಗಿ ಮೊಣಕಾಲಿಗೆ ಹೊಡಿತೈತಿ ನೀರು.'

ಅವಳು ಗರಿಗಳ ಕಡೆ ನೋಡುತ್ತ ಕೂತಳು. ಈ ದೇಶಕ್ಕೆ ಬಂದ ಮೇಲೆ ಅವಳು ಹರಿಯುವ ನೀರನ್ನು ಕಂಡದ್ದು ನಲ್ಲಿಯಲ್ಲಿ, ಇಲ್ಲವೇ ಬಸ್ಸಿನ ಕಿಟಕಿಯಿಂದ ಸೇತುವೆ ದಾಟುವಾಗ ಅರೆ ಚಣ. ಊರಲ್ಲಿ ಮನೆಯ ಹಿಂದೆಯೇ ತೋಡು ಎನ್ನುವ ಸಣ್ಣ ಹಳ್ಳವಿತ್ತು. ಸಂಜೆ ಕಾಲಿಳಿಬಿಟ್ಟು ಕೂತರೆ ಹಗಲೆಲ್ಲ ಬೆರಳಿಗೆ ಹತ್ತಿದ ನೋವು ಕೆಳಗೆ ಹರಿದುಹೋಗುತ್ತಿತ್ತು. ಒಂದು ಸಲ ಹಾಗೆ ನಿಲ್ಲಬೇಕು. ಈ ಚಳಿಗಾಲದ ಆಚೆ ಅಂಥ ಒಂದು ಶನಿವಾರ ಇದೆಯೆಂದಾದರೆ ಈಚೆಯದನ್ನು ದಾಟಬಹುದೇನೋ.

'ಬರ್ತೇನೆ' ಎಂದಳು.

'ಆದ್ರ ಡಬ್ಬಿ ತುಂಬಬೇಕು. ಅಂಗಡಿ ಹುಳ ನಾ ಮುಟ್ಟಂಗಿಲ್ಲ. ಆ ಪೋರ್ಚುಗೀಸ ಮುದುಕನ ಕಟ್ಟಳಿ ಅದು, ಮನ್ಯಾಗ ಕಟ್ಟಿದ್ದ ಡಬ್ಬಿ ತುಂಬಿದ್ರನ ಹೊಳಿ. ತುಂಬಲಿಲ್ಲಂದ್ರ ಇಲ್ಲ.'

ಸೌಜನ್ಯ ತಲೆಯಾಡಿಸಿದಳು. ಹೊತ್ತಿಗೆ ಮುಗಿಸಬೇಕಾದ ಕಟ್ಟುವ ಕೆಲಸ ಅವಳಿಗೆ ಗೊತ್ತಿರುವಂಥದ್ದೇ. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, 'ಹಿಡಿದು ಬಿಡ್ತೀರಿ ಅಲ್ವಾ ಕಾಕಾ?'

'ಬಿಡ್ತೀನಿ.'

'ಮತ್ತೆ ಹಿಡಿಯುವುದು ಎಂತಕ್ಕೆ?'

'ನಿಮ್ಮ ಕಡೆ ತಿಂತೀರಿ, ಅದಕ್ಕ ಹಿಡಿತೀರಿ. ನಾ ತಿನ್ನಂಗಿಲ್ಲ, ಅದಕ್ಕ ಬಿಡ್ತೀನಿ.'

'ಹಿಡೀದೆ ಇದ್ದರೆ ಬಿಡುವ ಕೆಲಸವೂ ಇರ್ಲಿಲ್ಲ ಅಲ್ವಾ.'

ಕಾಕಾ ಕನ್ನಡಕ ತೆಗೆದು ಒರೆಸಿದರು. 'ಇದನ್ನ ನಿಮ್ಮ ಕಾಕು ಇಪ್ಪತ್ತ ವರ್ಷದಿಂದ ಕೇಳಾಕತ್ತಾಳ. ಉತ್ತರ ಸಿಕ್ಕಿದ್ರ ಇಬ್ಬರಿಗೂ ಕೂಡೇ ಹೇಳ್ತೀನಿ.'

ಆ ವಾರವೇ ಇನ್ನೊಂದು ಸಂಗತಿ ನಡೆಯಿತು. ಅವಳು ಕಟ್ಟಿದ ಐದನೆಯದೋ ಆರನೆಯದೋ ಹುಳ ನೋಡಿ ಕಾಕಾ, 'ಬಾಲ ಒಂಚೂರು ಉದ್ದ ಆತು ನೋಡು' ಎಂದರು. ಸೌಜನ್ಯ ಹೂಂ ಎಂದಳು. ಮುಂದಿನ ಎರಡು ಸಂಜೆ ಅವರು ಕೆಳಗೆ ಬಂದಾಗ ಅವಳ ಕೋಣೆಯ ಬಾಗಿಲು ಮುಚ್ಚಿತ್ತು. ತಲೆನೋವು ಎಂದು ಒಳಗಿನಿಂದಲೇ ಹೇಳಿದಳು. ಮೂರನೆಯ ದಿನ ತಾನಾಗಿ ಬಂದು ಕೂತಳು. ಕಾಕಾ ಆಮೇಲೆ ಬಾಲದ ಮಾತೆತ್ತಲಿಲ್ಲ. ಬೇರೆ ಯಾವ ಮಾತೂ ಎತ್ತಲಿಲ್ಲ. ಶನಿವಾರ ಶನಿವಾರ ಬಂದು, ಹುಳದ ತಲೆಗೆ ಅಂಟು ಹಚ್ಚುತ್ತೇನೆಂದು ವಾರದ ಹುಳಗಳನ್ನೆಲ್ಲ ತೆಗೆದುಕೊಂಡು ಹೋಗುತ್ತಿದ್ದರು. 'ಚೊಲೋ ಆಗ್ಯಾವ' ಎನ್ನುತ್ತಿದ್ದರು. ಹಾಗೆನ್ನುವಾಗ ಅವಳ ಮುಖ ನೋಡುತ್ತಿರಲಿಲ್ಲ ಎಂಬುದನ್ನು ಅವಳು ಕಂಡಿದ್ದಳು. ಕಂಡದ್ದನ್ನೆಲ್ಲ ಕೇಳುವ ಅಭ್ಯಾಸ ಅವಳಿಗಿರಲಿಲ್ಲ.

ಫೆಬ್ರವರಿ ಮುಗಿಯುವ ಲಕ್ಷಣವೇ ಕಾಣಲಿಲ್ಲ. ಮೈನಸ್ ಹದಿನೆಂಟು, ಗಾಳಿ ಸೇರಿದರೆ ಮೈನಸ್ ಇಪ್ಪತ್ತೇಳು. ಹೊರಗೆ ಹೋಗಲು ತಯಾರಾಗುವುದೇ ಒಂದು ಅರ್ಧ ಶಿಫ್ಟು: ಒಳಗಿನ ಬನೀನು, ಅದರ ಮೇಲೆ ಉಣ್ಣೆ, ಅದರ ಮೇಲೆ ಜಾಕೀಟು, ಎರಡು ಜೊತೆ ಕಾಲುಚೀಲ, ಬೂಟು, ಟೊಪ್ಪಿ, ಕೈಗವಸು, ಆಮೇಲೆ ನೆನಪಾಗುವ ಬಸ್ಸಿನ ಕಾರ್ಡು ಎಲ್ಲದರ ಅಡಿಯಲ್ಲಿ. ಬಸ್‌ಸ್ಟಾಪಿನಲ್ಲಿ ನಿಂತರೆ ಮೂಗಿನೊಳಗಿನ ಕೂದಲು ಸೆಟೆದುಕೊಳ್ಳುತ್ತಿತ್ತು. ಪಕ್ಕದಲ್ಲಿ ನಿಂತ ಪಂಜಾಬಿ ಹೆಂಗಸೂ ಅವಳೂ ದಿನಾ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುತ್ತಿದ್ದರು. ಇಬ್ಬರ ಕಣ್ಣಷ್ಟೇ ಹೊರಗಿರುತ್ತಿದ್ದುದರಿಂದ ಬೇಸಿಗೆಯಲ್ಲಿ ಎದುರು ಸಿಕ್ಕರೆ ಗುರುತು ಹತ್ತುತ್ತಿತ್ತೋ ಇಲ್ಲವೋ.

ಕಾಕಾನ ಕೈ ಮುರಿದ ಮೇಲೆ ಮನೆಯೆದುರಿನ ಹಿಮ ಎತ್ತುವುದೂ ಅವಳ ಪಾಲಿಗೆ ಬಂತು. ಯಾರೂ ಹೇಳಿದ್ದಲ್ಲ. ಒಂದು ಬೆಳಿಗ್ಗೆ ಚನ್ನಬಸವ್ವ ಸೀರೆಯ ಮೇಲೆ ಕೋಟು ಹಾಕಿ ಸಲಿಕೆ ಹಿಡಿದದ್ದು ಕಂಡು ಸೌಜನ್ಯ ಅದನ್ನು ಅವಳ ಕೈಯಿಂದ ತೆಗೆದುಕೊಂಡಳು. ಎತ್ತಿ ಮುಗಿಸಿ ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ನಗರಸಭೆಯ ವಾಹನ ರಸ್ತೆಯ ಹಿಮವನ್ನೆಲ್ಲ ತಳ್ಳಿಕೊಂಡು ಬಂದು ಅವರ ಗೇಣಗಲದ ದಾರಿಗೆ ಅಡ್ಡ ಒಡ್ಡು ಕಟ್ಟಿ ಹೋಗುತ್ತಿತ್ತು. ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಆಗಿ ಸಂಜೆ ವೈಸಿನ ಮುಂದೆ ಕೂತರೆ ಬೆರಳ ತುದಿಗಳು ಒಡೆದಿರುತ್ತಿದ್ದವು. ರಟ್ಟು ಮುಟ್ಟಿ ಮುಟ್ಟಿ, ಒಣ ಚಳಿಗೆ ಸಿಕ್ಕಿ, ಚರ್ಮ ಗರಗಸದ ಹಾಗಾಗಿತ್ತು. ತೆಳು ದಾರ ಬಿರುಕಿಗೆ ಸಿಕ್ಕಿ ಎಳೆ ಬಿಡುತ್ತಿತ್ತು. ಅವಳು ಗಟ್ಟಿಯಾಗಿ ಕೂತ ಕೊಬ್ಬರಿಎಣ್ಣೆಯ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು, ಬೆರಳಿಗೆ ಹಚ್ಚಿ, ಒರೆಸಿ, ಮತ್ತೆ ಕೂರುತ್ತಿದ್ದಳು. ದಿನಕ್ಕೊಂದು. ಕೆಲವು ದಿನ ಎರಡು. ಕೆಲವು ದಿನ ಕುರ್ಚಿಯಲ್ಲೇ ನಿದ್ದೆ.

'ಮೀನು ಹಿಡಿದು ಬಿಡುವುದಂತೆ' ಎಂದು ಸುಧೀರ ಎಲ್ಲೋ ಹೈವೇ ಪಕ್ಕದಿಂದ ಫೋನಿನಲ್ಲಿ ನಕ್ಕ. 'ನಿಮ್ಮ ಇಬ್ಬರ ಮಂಡೆ ಸರಿ ಉಂಟಾ? ನನಗೊಂದು ಬಂಗುಡೆ ಹಿಡಿದಿಡು ಮಾರಾಯ್ತಿ.'

'ಬಂಗುಡೆ ಹೊಳೆಯಲ್ಲಿ ಸಿಗುವುದಿಲ್ಲ.'

'ಗೊತ್ತುಂಟು. ಸಿಕ್ಕಿದ್ರೂ ನೀವು ಬಿಡ್ತೀರಲ್ಲ.' ಮತ್ತೆ, 'ಇಲ್ಲಿ ರಸ್ತೆ ಮುಚ್ಚಿದ್ದಾರೆ. ನಾಳೆ ಬರ್ಲಿಕ್ಕಾಗುವುದಿಲ್ಲ' ಎಂದ.

'ಊಟ ಆಯ್ತಾ?'

'ಆಯ್ತು. ನಿನ್ನ ಸ್ವರ ಯಾಕೆ ಹಾಗುಂಟು?'

'ಎಂತ ಇಲ್ಲ. ನಿದ್ದೆ.'

ಫೆಬ್ರವರಿಯ ಕೊನೆಗೆ ಕಾಕಾ ಅವಳ ಹೆಸರಿನಲ್ಲಿ ಮೀನು ಹಿಡಿಯುವ ಲೈಸೆನ್ಸು ಮಾಡಿಸಿಕೊಟ್ಟರು. ಪರೀಕ್ಷೆ ಇಲ್ಲ, ಮಾರ್ಕು ಇಲ್ಲ. ಹೆಸರು, ಹುಟ್ಟಿದ ದಿನ, ಅಷ್ಟೇ. ಅವಳು ಅದನ್ನು ಪರ್ಸಿನಲ್ಲಿಟ್ಟುಕೊಂಡು ಊಟದ ವಿರಾಮದಲ್ಲಿ ಒಂದೆರಡು ಸಲ ತೆಗೆದು ನೋಡಿದಳು.

ಮಾರ್ಚ್ ಕೊನೆಗೆ ಅವಳ ಲೆಕ್ಕದಲ್ಲಿ ಅರವತ್ತೊಂದು ಹುಳ ಆಗಿದ್ದವು. ಇನ್ನು ಹನ್ನೊಂದು. ಬಸ್ಸಿನಲ್ಲಿ ಕೂತಾಗ ಅವಳಿಗೆ ಒಮ್ಮೊಮ್ಮೆ ಕಾಲಿನ ಸುತ್ತ ನೀರು ಹರಿದ ಹಾಗಾಗುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆಯಿಂದ ಮಳೆ. ಮಳೆಯೆಂದರೆ ಬೀಳುವಾಗ ನೀರು, ಬಿದ್ದ ಮೇಲೆ ಗಾಜು. ತಂತಿ, ಕೊಂಬೆ, ರಸ್ತೆ, ನಿಂತ ಕಾರು ಎಲ್ಲಕ್ಕೂ ಬೆರಳು ದಪ್ಪ ಮಂಜಿನ ಕವಚ. ಮಧ್ಯಾಹ್ನ ಎರಡಕ್ಕೆ ಗೋದಾಮಿನಲ್ಲಿ ಕರೆಂಟು ಹೋಯಿತು, ಎಲ್ಲರನ್ನೂ ಮನೆಗೆ ಕಳಿಸಿದರು. ಬಸ್ಸಿಲ್ಲ. ಸೌಜನ್ಯ ಒಂದೂವರೆ ಗಂಟೆ ನಡೆದಳು, ಕಾಲುಹಾದಿ ಬಿಟ್ಟು ಹುಲ್ಲಿನ ಅಂಚಿನಲ್ಲಿ, ಹೆಜ್ಜೆಗೊಮ್ಮೆ ಕರಕರ ಎನಿಸುತ್ತ. ಎಲ್ಲೋ ಕೊಂಬೆಗಳು ಮುರಿದು ಬೀಳುವ ಸದ್ದು ಮೇಲಿಂದ ಮೇಲೆ ಬರುತ್ತಿತ್ತು.

ಮನೆಯಲ್ಲೂ ಕರೆಂಟಿರಲಿಲ್ಲ. ಬೇಸ್‌ಮೆಂಟು ಬಾವಿಯ ಹಾಗಾಗಿತ್ತು. ಅವಳು ಬೂಟು ಬಿಚ್ಚುವುದರೊಳಗೆ ಮೇಲಿನಿಂದ ಚನ್ನಬಸವ್ವನ ದನಿ ಬಂತು.

'ಬಂದ್ಯಾ? ಮ್ಯಾಲ ಬಾ. ಗ್ಯಾಸಿನ ಒಲಿ ಐತಿ, ಚಾ ಇಟ್ಟೀನಿ.'

ಅಡುಗೆಮನೆಯಲ್ಲಿ ಒಲೆಯ ನೀಲಿ ಉರಿ, ಕಿಟಕಿಯ ಬೂದು ಬೆಳಕು. ಚನ್ನಬಸವ್ವ ಶಾಲು ಹೊದ್ದು ನಿಂತಿದ್ದಳು.

'ಕಾಕಾ ಎಲ್ಲಿ?'

'ಎಲ್ಲಿ ಇರ್ತಾರ? ಗ್ಯಾರೇಜಿನಾಗ. ಇಂಥಾ ಚಳ್ಯಾಗ ಬಾಯಾಗ ಬ್ಯಾಟರಿ ಕಚ್ಚಿಕೊಂಡು ಸೂಜಿ ಹಿಡಕೊಂಡು ಕುಂತಾರ. ಒಂದ ತಿಂಗಳಾತು ಇದ ಆಟ. ನೀ ಕಟ್ಟಿದ ಹುಳದ ಕಣ್ಣ ಎಲ್ಲಾ ಮುಚ್ಚ್ಯಾವಂತ, ಬಿಡಸಾಕತ್ತಾರ. ನೆಟ್ಟಗ ಕೈ ಮಡಚಾಕ ಬರಂಗಿಲ್ಲ, ಸೂಜಿ ಬ್ಯಾರೆ. ಹುಡುಗಿಗಿ ಹೇಳ್ರಿ ಅಂದ್ರ ಬ್ಯಾಡ ಅಂತಾರ...'

ಚನ್ನಬಸವ್ವ ಅಲ್ಲಿಗೆ ನಿಲ್ಲಿಸಿದಳು. ಹೇಳಬಾರದ್ದನ್ನು ಹೇಳಿದೆನೆಂದು ಅವಳ ಕೈಯ ಜರಡಿಗೆ ಗೊತ್ತಾದ ಹಾಗೆ ಚಹಾ ಹೊರಗೆ ಚೆಲ್ಲಿತು.

ಸೌಜನ್ಯ ಗ್ಯಾರೇಜಿನ ಬಾಗಿಲು ತೆರೆದಳು. ಕಾಕಾ ಕಿವಿಮುಚ್ಚುವ ಟೊಪ್ಪಿ ಹಾಕಿ ಮರದ ಪೆಟ್ಟಿಗೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಡಬ್ಬಿ. ಒಂದು ಸಾಲಿನಲ್ಲಿ, ಕಣ್ಣು ಬಿಡಿಸಿ ಮುಗಿದ ಹನ್ನೊಂದು ಹುಳ ನೆಟ್ಟಗಿದ್ದವು. ಮಿಕ್ಕ ಐವತ್ತು ಮುಚ್ಚಳದಲ್ಲಿ ಗುಡ್ಡೆಯಾಗಿ ಬಿದ್ದಿದ್ದವು. ಅವಳು ಬಗ್ಗಿ ಒಂದನ್ನು ಎತ್ತಿಕೊಂಡಳು.

ನೋಡಿದ ಕೂಡಲೇ ತಿಳಿಯಿತು. ಗಾಳದ ತಲೆಯಲ್ಲಿ ಸಾಸಿವೆಯಷ್ಟು ಕಣ್ಣು ಇರುತ್ತದೆ, ಲೈನು ಕಟ್ಟುವುದು ಅಲ್ಲಿಗೆ. ಅವಳು ಗರಿಯನ್ನು ಅದರ ಮೇಲೂ ಒತ್ತೊತ್ತಾಗಿ ಕಟ್ಟಿ, ದಾರ ಸುತ್ತಿ, ಮುಚ್ಚಿಬಿಟ್ಟಿದ್ದಳು. ನಾರು ಕಾಣಬಾರದು, ಸಂದು ಬಿಡಬಾರದು, ತುದಿಯವರೆಗೂ ತುಂಬಿರಬೇಕು ಎಂದು ಅಮ್ಮ ಕಲಿಸಿದ ಕಟ್ಟು. ಮಲ್ಲಿಗೆಯ ಚೆಂಡಿನ ಹಾಗೆ ದಟ್ಟವಾದ, ಒಂದರಂತೆ ಒಂದಿದ್ದ, ಯಾತಕ್ಕೂ ಬಾರದ ಐವತ್ತು ಹುಳ.

'ಯಾಕೆ ಹೇಳ್ಲಿಲ್ಲ?'

ಕಾಕಾ ಬಾಯಿಂದ ಟಾರ್ಚು ತೆಗೆದರು. 'ಬಾಲ ಉದ್ದ ಆತು ಅಂದಿದ್ದಕ್ಕ ಎರಡ ದಿನ ಬಾಗಲಾ ಹಾಕ್ಕೊಂಡಿ. ಇದನ್ನ ಅಂದಿದ್ರ ಮತ್ತ ಕಟ್ಟತಿದ್ದೇನು?'

ಅವರ ಎಡಗೈಯ ಬೆರಳುಗಳಲ್ಲಿ ಸೂಜಿ ಚುಚ್ಚಿದ ಕೆಂಪು ಚುಕ್ಕೆಗಳಿದ್ದವು. ಅವಳು ಹುಳವನ್ನು ಮೆಲ್ಲಗೆ ಮುಚ್ಚಳದಲ್ಲಿಟ್ಟು, ಅಡುಗೆಮನೆ ದಾಟಿ, ಚಹಾ ಮುಟ್ಟದೆ ಕೆಳಗಿಳಿದು ಹೋದಳು.

ಜಾಕೀಟು ಹಾಕಿಕೊಂಡೇ ಹಾಸಿಗೆಯ ಮೇಲೆ ಕೂತಳು. ಬೋರ್ಡಿನ ಮುಂದೆ ನಿಂತಿದ್ದ ಹುಡುಗಿಯ ಕುತ್ತಿಗೆಯ ಬಿಸಿ ಈಗಲೂ ಹಾಗೆಯೇ ಏರಿತು. ನಾಳೆಯಿಂದ ಹೋಗುವುದಿಲ್ಲ. ಅವರ ಸಾಮಾನನ್ನು ಮೆಟ್ಟಿಲ ಮೇಲಿಟ್ಟರಾಯಿತು. ಶಿಫ್ಟು ಬದಲಾಯಿತು ಎಂದರಾಯಿತು. ಇದೆಲ್ಲ ಅವಳಿಗೆ ಬಾಯಿಪಾಠ. ಬಿಟ್ಟುಬಿಡುವುದು ಹೇಗೆಂದು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

ಆದರೆ ಚಳಿ ಬಿಡಲಿಲ್ಲ. ನಾಚಿಕೆಪಟ್ಟು ಕೂರುವುದಕ್ಕೂ ಒಂದಿಷ್ಟು ಬೆಚ್ಚಗಿನ ಜಾಗ ಬೇಕು. ಹತ್ತು ನಿಮಿಷಕ್ಕೆ ಹಲ್ಲು ಕಟಕಟ ಎಂದಿತು, ಪಾದ ಮರಗಟ್ಟಿತು. ಕತ್ತಲೆಯಲ್ಲಿ ಕೂತು ಅವಳು ಲೆಕ್ಕ ಹಾಕಿದಳು, ಬೇಡವೆಂದರೂ ಹಾಕಿದಳು: ನಾಲ್ಕನೆಯ ಶನಿವಾರಕ್ಕೆ ಇನ್ನು ನಾಲ್ಕು ವಾರ. ತಾನು ಹೋಗದಿದ್ದರೆ ಕಾಕಾನೂ ಹೋಗುವಂತಿಲ್ಲ. ನೀರು ತನ್ನಷ್ಟಕ್ಕೆ ಹರಿದುಹೋಗುತ್ತದೆ. ಆಮೇಲೆ ಬೇಸಿಗೆ, ಆಮೇಲೆ ಮತ್ತೆ ಇದೇ ಕಿಟಕಿ.

'ಏಯ್ ಹುಡುಗಿ' ಎಂದು ಮೇಲಿಂದ ಕರೆ ಬಂತು. 'ಚಾ ಆರೈತಿ, ಮತ್ತ ಕಾಸಾಕತ್ತೀನಿ. ಕೆಳಗ ಕುಂತು ಹೆಪ್ಪುಗಟ್ಟಿದ್ರ ನಿನ್ನ ಗಂಡಗ ನಾ ಏನ ಹೇಳ್ಲಿ?' ದನಿ ತುಸು ನಿಂತು ಮತ್ತೆ ಬಂತು. 'ಆ ಪುಚ್ಚದ ಚೀಲಾನೂ ತಗೊಂಡ ಬಾ.'

ಸೌಜನ್ಯ ಚೀಲ, ವೈಸು, ಕ್ಷೌರದ ಬ್ಲೇಡು ಹಿಡಿದು ಮೇಲೆ ಬಂದಾಗ ಚನ್ನಬಸವ್ವ ಅಡುಗೆಮನೆಯ ಟೇಬಲ್ಲಿಗೆ ಹಳೆಯ ಪೇಪರು ಹಾಸುತ್ತಿದ್ದಳು. ಮೂಲೆಯ ದೇವರ ಗೂಡಿನ ಪರದೆ ಎಳೆದಾಗಿತ್ತು.

'ಇವತ್ತೊಂದಿನ' ಎಂದಳು. 'ಒಂದ ಪುಚ್ಚ ಸಾರಿನಾಗ ಬಿದ್ರ ಇಬ್ಬರನ್ನೂ ಗ್ಯಾರೇಜಿನಾಗ ಮಲಗಸ್ತೀನಿ.'

ಕಾಕಾ ಬಂದು ಎದುರು ಕೂತರು. ಸೌಜನ್ಯ ಮುಚ್ಚಳದಿಂದ ಒಂದು ಹುಳ ಎತ್ತಿ, ಬ್ಲೇಡಿನಿಂದ ಬೆನ್ನುದ್ದಕ್ಕೂ ಸೀಳಿದಳು. ಗರಿ, ಕೂದಲು, ದಾರ ಎಲ್ಲ ಕಳಚಿ ಬರಿ ಗಾಳ ಉಳಿಯಿತು. ಎರಡನೆಯದು. ಮೂರನೆಯದು. ಎರಡೂವರೆ ತಿಂಗಳ ಸಂಜೆಗಳು ಪೇಪರಿನ ಮೇಲೆ ಕೋಳಿ ಸುಲಿದ ಜಾಗದ ಹಾಗೆ ಬಿದ್ದವು.

'ಈಗ ಹೇಳಿ' ಎಂದಳು, ಐವತ್ತೂ ಮುಗಿದ ಮೇಲೆ. 'ತಪ್ಪಾದ್ರೆ ಅಲ್ಲಲ್ಲೇ ಹೇಳಿ.'

'ಕಣ್ಣಿನ ಹಿಂದ ಒಂದ ಅಕ್ಕಿಕಾಳ ಅರ್ಧದಷ್ಟ ಜಾಗ ಖಾಲಿ ಬಿಡು. ಹಾಂ. ಪುಚ್ಚ ಎರಡ ಸುತ್ತು ಸಾಕು.'

'ಎರಡೇಯಾ? ಗಾಳದ ಮೈ ಕಾಣ್ತದಲ್ಲ.'

'ಕಾಣಲಿ ಬಿಡು. ಮೀನಿನ ಕೊರಳಿಗೆ ಮಾಲಿ ಹಾಕಾಕ ಹೊಂಟಿಲ್ಲ ನಾವು.'

ಒಲೆಯ ಮುಂದೆ ಚನ್ನಬಸವ್ವ ಬೆನ್ನು ತಿರುಗಿಸಿ ನಕ್ಕಳು. ಸೌಜನ್ಯಳ ಕುತ್ತಿಗೆ ಬಿಸಿಯೇರಿತು, ಆದರೆ ಅವಳು ಏಳಲಿಲ್ಲ. ಬೆರಳಿಗೆ ಮಾತ್ರ ಬಹಳ ಕಷ್ಟವಾಯಿತು. ಖಾಲಿ ಬಿಡಬೇಕಾದಲ್ಲಿ ಅದು ತಾನಾಗಿ ತುಂಬಲು ಹೋಗುತ್ತಿತ್ತು. ಪ್ರತಿ ಸಲ ಹಿಡಿದು ನಿಲ್ಲಿಸಬೇಕಾಗುತ್ತಿತ್ತು. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಅಷ್ಟರಲ್ಲಿ ಅವಳು ಕಟ್ಟಿದ್ದು ನಾಲ್ಕೇ ಹುಳ. ಅದರಲ್ಲಿ ಎರಡನ್ನು ಕಾಕಾ ಹಿಂದಕ್ಕೆ ಕೊಟ್ಟರು.

ಏಪ್ರಿಲ್ ಎರಡನೇ ವಾರದಲ್ಲಿ ಹಿಮ ಮತ್ತೆ ಬಿತ್ತು, ಮರೆತುಹೋದ ಸಾಮಾನಿಗೆ ತಿರುಗಿ ಬಂದವರ ಹಾಗೆ. ಕಾಕಾನ ಮಣಿಕಟ್ಟು ಅರ್ಧ ಮಡಚುವಷ್ಟಾಯಿತು, ಅದಕ್ಕಿಂತ ಮುಂದೆ ಹೋಗಲಿಲ್ಲ. ನಾಲ್ಕನೆಯ ಶನಿವಾರದ ಹಿಂದಿನ ಸಂಜೆ ಸೌಜನ್ಯ ಡಬ್ಬಿ ಹಿಡಿದು ಮೇಲೆ ಹೋದಳು. ಮೂವತ್ತೆಂಟು ಹುಳ. ಮೂರು ಸಾಲು ತುಂಬಿ ನಾಲ್ಕನೆಯದರಲ್ಲಿ ಎರಡು.

'ತುಂಬಲಿಲ್ಲ ಕಾಕಾ.'

ಕಾಕಾ ಡಬ್ಬಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. 'ಕಟ್ಟೂದ ಚೊಲೋ ಕಲ್ತಿ' ಎಂದರು, ಈ ಸಲ ಅವಳ ಮುಖ ನೋಡಿ. ಡಬ್ಬಿ ಮುಚ್ಚಿ ಮಡಿಲಲ್ಲಿಟ್ಟುಕೊಂಡರು. 'ಆದ್ರ ಕಟ್ಟಳಿ ಕಟ್ಟಳಿನ. ಅರ್ಧ ಡಬ್ಬಿ ಒಯ್ದು ನಾ ಎಂದೂ ಹೊಳಿಗೆ ಹೋಗಿಲ್ಲ ಅಂತಿದ್ದ ಆ ಮುದುಕ.' ಬಲಗೈಯನ್ನು ಎಡಗೈಯಿಂದ ಉಜ್ಜುತ್ತ ಕೂತರು. ಮುದುಕನ ಕಟ್ಟಳೆಯ ಹಿಂದೆ ಅವರು ತಮ್ಮ ಕೈಯನ್ನೂ ಅಡಗಿಸಿಕೊಂಡಿದ್ದಾರೆ ಎಂದು ಸೌಜನ್ಯಳಿಗೆ ಕಂಡಿತು. ಬೀಸಲು ಬಾರದಿದ್ದರೆ ಎಂಬ ಹೆದರಿಕೆ. ಆ ಹೆದರಿಕೆಯ ಮುಖ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಲ್ಲಿಂದ ಹೋಗಲಿಲ್ಲ, ನಿಂತೇ ಇದ್ದಳು.

ಚನ್ನಬಸವ್ವ ಒಳಗಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತಂದಳು. ಮುಚ್ಚಳ ತೆಗೆದು ಸಿಂಕಿನಲ್ಲಿ ಕೊಡವಿದಳು. ಲವಂಗದ ವಾಸನೆ ಬಂತು. ಗಂಡನ ಮಡಿಲಿಂದ ದೊಡ್ಡ ಡಬ್ಬಿ ಎತ್ತಿ, ಕೋಳಿಗರಿ ಬೆರಳಿಗೆ ತಾಗದ ಹಾಗೆ ಇಕ್ಕಳದಿಂದ ಒಂದೊಂದೇ ಹುಳ ಹಿಡಿದು ಸಣ್ಣದರಲ್ಲಿ ಜೋಡಿಸಿದಳು. ಮೂವತ್ತೆಂಟಕ್ಕೆ ಅದು ಬಾಯಿವರೆಗೆ ಬಂತು.

'ತುಂಬಿತಿಲ್ಲೋ?'

'ಏಯ್, ಅದು ಹಂಗಲ್ಲ...'

'ಐದ ತಿಂಗಳಾತು ನನ್ನ ಕಣ್ಣ ಮುಂದ ಕುಂತು. ಒಂದಿನರೆ ಹೊರಗ ಹೋಗ್ರಿ ಅತ್ಲಾಗ. ಮತ್ತ ಈ ಡಬ್ಬಿ ತಿರುಗಿ ನನ್ನ ಅಡಿಗಿಮನಿಗೆ ತರಬ್ಯಾಡ್ರಿ.'

ಬೆಳಿಗ್ಗೆ ನಾಲ್ಕೂವರೆಗೆ ಏಳಲು ಸೌಜನ್ಯಳಿಗೆ ಅಲಾರಂ ಬೇಕಾಗಲಿಲ್ಲ. ಕೆಲೆಡನ್ ದಾಟಿ ಕ್ರೆಡಿಟ್ ಹೊಳೆಯ ದಂಡೆಗೆ ಬಂದಾಗ ಮೂರು ಡಿಗ್ರಿ, ಸಣ್ಣ ಜಡಿಮಳೆ, ಸೀಡರ್ ಮರಗಳ ಬುಡದಲ್ಲಿ ಇನ್ನೂ ಕೊಳಕು ಹಿಮ. ಮಾಧುರಿಯ ಹಳೆಯ ವೇಡರ್ಸು, ಎದೆವರೆಗೆ ಬರುವ ರಬ್ಬರಿನ ಪ್ಯಾಂಟು, ಅವಳಿಗೆ ಗೋಣಿಚೀಲದ ಹಾಗಿತ್ತು. ಕಾಕಾ ಲವಂಗದ ಡಬ್ಬಿ ಚಾಚಿದರು. ಒಂದು ಹುಳ ತೆಗೆದುಕೊಂಡಳು. ಮರಗಟ್ಟಿದ ಬೆರಳಲ್ಲಿ ಲೈನಿನ ತುದಿ ಹಿಡಿದು ಗಾಳದ ಕಣ್ಣಿಗೆ ತೋರಿಸಿದಳು. ಒಂದೇ ಸಲಕ್ಕೆ ತೂರಿಹೋಯಿತು.

ಕಾಕಾ ಮೊದಲು ಬೀಸಿದರು. ಮೊದಲನೆಯದು ಅವರ ಬೂಟಿನ ಪಕ್ಕದಲ್ಲೇ ಬಿತ್ತು. ಎರಡನೆಯದು ಸ್ವಲ್ಪ ಆಚೆ. ನಾಲ್ಕನೆಯದು ನಡುಹೊಳೆಗೆ ಹೋಗಿ ಮೆಲ್ಲಗೆ ಕೂತಿತು. ಹುಳ ನೆಟ್ಟಗೆ ನಿಂತು, ನೀರು ಒಯ್ದ ಕಡೆ ಹೋಯಿತು. ಇಬ್ಬರೂ ಅದು ಕಲ್ಲಿನ ಹಿಂದೆ ಮರೆಯಾಗುವವರೆಗೆ ನೋಡಿದರು. ಐದನೆಯದಕ್ಕೆ ಕಾಕಾ ಹಲ್ಲು ಕಚ್ಚಿ ಮಣಿಕಟ್ಟು ಹಿಡಿದುಕೊಂಡರು.

'ಸಾಕು ಇವತ್ತಿಗೆ. ನಾಲ್ಕು ಬಂದ್ವು' ಎಂದು ರಾಡನ್ನು ಅವಳ ಕೈಗೆ ಕೊಟ್ಟು ಕಲ್ಲಿನ ಮೇಲೆ ಕೂತರು.

ಸೌಜನ್ಯ ಇಳಿದಳು. ಪಾದ, ಮೀನಖಂಡ, ಮೊಣಕಾಲು. ನೀರು ರಬ್ಬರಿನ ಮೇಲಿಂದ ಕಾಲನ್ನು ಸುತ್ತಲೂ ಒತ್ತಿ ಹಿಡಿದು ತಳ್ಳಿತು. ಕಾಕಾ ಹೇಳಿದ ಹಾಗೆಯೇ. ಕಲ್ಲಿಗೆ ಬೂಟು ಊರಿ ಅವಳು ನಿಂತಳು. ಎಷ್ಟು ಆಯಾಸವಾಗಿತ್ತೆಂದರೆ ನಿಂತಲ್ಲೇ ನಿದ್ದೆ ಮಾಡಬಹುದಾಗಿತ್ತು. ಬೆನ್ನು, ಭುಜ, ಒಡೆದ ಬೆರಳು, ಎಲ್ಲದರ ನೋವೂ ಒಂದೊಂದಾಗಿ ತಿಳಿಯಿತು. ಊರ ತೋಡಿನ ಹಾಗೆ ಅದು ಹರಿದುಹೋಗಲಿಲ್ಲ. ಈ ನೀರು ಬಹಳ ತಣ್ಣಗಿತ್ತು. ಆದರೂ ಅವಳು ಬೇಗ ಮೇಲೆ ಬರಲಿಲ್ಲ.

ಎರಡು ಗಂಟೆಯಲ್ಲಿ ಮೀನು ಸಿಗಲಿಲ್ಲ. ಒಮ್ಮೆ ಹುಳದ ಕೆಳಗೆ ಏನೋ ಹೊಳೆದು ತಿರುಗಿತು, ಬಾಯಿ ಹಾಕದೆ ಹೋಯಿತು. ಕೊನೆಯ ಬೀಸಿಗೆ ಲೈನು ಹಿಂದಿನ ವಿಲ್ಲೋ ಮರಕ್ಕೆ ಸಿಕ್ಕಿ, ಎಳೆದಾಗ ತುಂಡಾಯಿತು. ಹುಳ ಎತ್ತರದ ಕೊಂಬೆಯಲ್ಲಿ ಉಳಿಯಿತು.

'ಮರ ಹಿಡಿದ್ಯಲ್ಲ' ಎಂದರು ಕಾಕಾ.

'ಬಿಟ್ಟೂ ಬಿಟ್ಟೆ.'

ಕಾಕಾ ಜೋರಾಗಿ ನಕ್ಕರು, ಕೆಮ್ಮು ಬರುವವರೆಗೆ.

ಕಾರಿನ ಹೀಟರಿಗೆ ಕಾಲು ಚಾಚಿ ಕೂತಾಗ ಅವಳ ಮಡಿಲಲ್ಲಿ ಲವಂಗದ ಡಬ್ಬಿ ಇತ್ತು. ಒಂದು ಕಡಿಮೆಯಾಗಿ ಹುಳಗಳು ಒಳಗೆ ಗಲಗಲ ಅಲ್ಲಾಡುತ್ತಿದ್ದವು. ಸಂಜೆ ಬಟ್ಟೆ ಒಗೆಯುವುದಿದೆ, ನಾಳೆ ಸುಧೀರ ಬರುತ್ತಾನೆ, ಸೋಮವಾರ ಮತ್ತೆ ನಾಲ್ಕೂವರೆ. ಬಟ್ಟೆ ಮೆಷಿನಿನಲ್ಲಿರುವಾಗ ಒಂದು ಹುಳ ಕಟ್ಟಬಹುದು.

'ಕಾಕಾ' ಎಂದಳು, ಕಣ್ಣು ಮುಚ್ಚಿಕೊಂಡೇ. 'ಕಂದು ಗರಿ ಮುಗೀತಾ ಬಂತು.'